ಸೀಟು ಕೂಗುತ್ತಿದೆ, ಕೇಳಿಸಿಕೊಳ್ಳಿ: ಹಳದಿ ಬೋರ್ಡಿನ ಗೆಳೆಯರಿಗೆ ಒಂದು ಬಹಿರಂಗ ಪತ್ರ

ಪ್ರೀತಿಯ ಚಾಲಕ ಅಣ್ಣತಮ್ಮಂದಿರೇ, ಈಚೀಚೆಗೆ ನಮ್ಮ ಸಾಲಿಗೆ ಬಂದು ನಿಂತ ಅಕ್ಕತಂಗಿಯರೇ,

ಏರ್‌ಪೋರ್ಟಿನ ಪಾರ್ಕಿಂಗಿನಲ್ಲಿ ಡ್ಯೂಟಿ ಬೀಳುವುದನ್ನೇ ಕಾಯುತ್ತ ಸೀಟು ಹಿಂದಕ್ಕೆ ಚಾಚಿ ಮಲಗಿರುವವರಿಗೆ, ಮೆಜೆಸ್ಟಿಕ್ಕಿನ ಮೂಲೆಯಲ್ಲಿ ಬೈಟು ಟೀ ಹಿಡಿದು ನಿಂತಿರುವವರಿಗೆ, ನಾಳೆ ಬೆಳಗಿನ ಜಾವ ಪಾರ್ಟಿ ಹತ್ತಿಸಿಕೊಂಡು ಧರ್ಮಸ್ಥಳಕ್ಕೆ ಹೊರಡಬೇಕಾದವರಿಗೆ, ಎಲ್ಲರಿಗೂ ಸೇರಿಸಿ ಇದನ್ನು ಬರೆಯುತ್ತಿದ್ದೇನೆ. ಕಮಿಷನ್ ವಿಷಯ ಅಲ್ಲ, ಕಿಲೋಮೀಟರ್ ರೇಟಿನ ವಿಷಯವೂ ಅಲ್ಲ. ಅವನ್ನು ನಾವು ದಿನಾ ಮಾತಾಡಿಕೊಳ್ಳುತ್ತೇವೆ. ಯಾರೂ ಮಾತಾಡದ ಒಂದು ವಿಷಯ ಇದೆ. ದಿನಕ್ಕೆ 12 ಗಂಟೆ ಯಾವುದರ ಮೇಲೆ ಕೂತು ಅನ್ನ ಸಂಪಾದಿಸುತ್ತೇವೋ, ಆ ಸೀಟು ಹಂಪು ಹತ್ತಿ ಇಳಿದಾಗೆಲ್ಲ ‘ಕಿರ್ರ್’ ಅನ್ನುತ್ತದಲ್ಲ, ಆ ವಿಷಯ.

“ಇಷ್ಟಕ್ಕೊಂದು ಪತ್ರವಾ?” ಅಂತ ನನ್ನ ಮನೆಯವಳೂ ನಕ್ಕಳು. ಹೋದ ವರ್ಷ ಆಗಿದ್ದರೆ ನಾನೂ ನಗುತ್ತಿದ್ದೆ. ಹತ್ತೊಂಬತ್ತು ವರ್ಷ ಗಾಡಿ ಓಡಿಸಿದವನಿಗೆ ಸೀಟಿನ ಸದ್ದು ಒಂದು ಸದ್ದೇ? ಎಫ್‌ಎಂ ಸ್ವಲ್ಪ ಜೋರು ಮಾಡಿದರಾಯಿತು. ನಾನು ಮಾಡಿದ್ದೂ ಅದನ್ನೇ, ಎರಡು ತಿಂಗಳು.

ಆಯುಧಪೂಜೆಗೆ ಗಾಡಿ ಚೆನ್ನಾಗಿ ಕಾಣಲಿ ಅಂತ ಹೊಸ ರೆಗ್ಜಿನ್ ಕವರ್ ಹಾಕಿಸಿದ್ದೆ. ಕುಶನ್ ಅಂಗಡಿಯ ಹುಡುಗರು ಮುಂದಿನ ಎರಡೂ ಸೀಟು ಬಿಚ್ಚಿ ಹೊರಗಿಟ್ಟು, ಕವರ್ ಎಳೆದು ಕಟ್ಟಿ, ಮತ್ತೆ ಕೂರಿಸಿ ಮಧ್ಯಾಹ್ನದೊಳಗೆ ಕಳಿಸಿಕೊಟ್ಟರು. ಚೆಂಡುಹೂವಿನ ಹಾರ, ಬಾಳೆಕಂದು, ಬೂದುಗುಂಬಳಕಾಯಿ ಎಲ್ಲ ಆಯಿತು. ಚಕ್ರದ ಕೆಳಗೆ ನಿಂಬೆಹಣ್ಣು ಚಪ್ಪಟೆಯಾಯಿತು. ಸದ್ದು ಶುರುವಾಗಿದ್ದು ಅದಾದ ಹತ್ತು ಹನ್ನೆರಡು ದಿನಕ್ಕೆ. ಮೊದಮೊದಲು ತಿರುವಿನಲ್ಲಿ ಮಾತ್ರ, ಸಣ್ಣಗೆ, ಇಲಿಮರಿ ಕೂಗಿದ ಹಾಗೆ. ಆಮೇಲೆ ಹಂಪಿನಲ್ಲೂ. ನವೆಂಬರ್ ಮುಗಿಯುವ ಹೊತ್ತಿಗೆ ಗೇರು ಬದಲಿಸಲು ಮೈ ಸ್ವಲ್ಪ ವಾಲಿದರೂ ಸಾಕು, ಕಿರ್ರ್.

ಮನೆಯಲ್ಲಿ ಹೇಳಿದೆ. “ಬಾಗಿಲಿಗೆ ಬಿಡ್ತೀವಲ್ಲ, ಹಾಗೆ ಎರಡು ತೊಟ್ಟು ಕೊಬ್ಬರಿ ಎಣ್ಣೆ ಬಿಡಿ” ಅಂದಳು. ಬಿಟ್ಟೆ. ಎರಡು ದಿನ ಸುಮ್ಮನಿತ್ತು. ಗೆಳೆಯನೊಬ್ಬ ಸ್ಪ್ರೇ ಡಬ್ಬಿ ಕೊಟ್ಟ. ಹೊಡೆದೆ, ನಾಲ್ಕು ದಿನ ಸುಮ್ಮನಿತ್ತು. ಆಮೇಲೆ ಮೊದಲಿಗಿಂತ ಜೋರಾಗಿ ಬಂತು. ಅಷ್ಟರಲ್ಲಿ ಗಿರಾಕಿಯೊಬ್ಬರು ಒಂದು ಸ್ಟಾರ್ ಕಡಿಮೆ ಕೊಟ್ಟು ‘ಸೀಟ್ ಸೌಂಡ್’ ಅಂತ ಎರಡೇ ಪದ ಬರೆದು ಹೋದರು. ನನಗೆ ಕೋಪ ಬಂತು, ನಾಚಿಕೆಯಾಗಲಿಲ್ಲ.

ನಾಚಿಕೆ ಮಾಡಿಸಿದ್ದು ಒಬ್ಬ ಪಿಟೀಲು ಟೀಚರಮ್ಮ. ಡಿಸೆಂಬರಿನ ಒಂದು ಬೆಳಗಿನ ಜಾವ ಮೂರೂವರೆಗೆ ಮಲ್ಲೇಶ್ವರದಲ್ಲಿ ಹತ್ತಿದರು. ಪಕ್ಕದಲ್ಲಿ ಪಿಟೀಲಿನ ಪೆಟ್ಟಿಗೆ, ಅದಕ್ಕೂ ಸೀಟ್‌ಬೆಲ್ಟು. ಹೆಬ್ಬಾಳದ ಮೇಲ್ಸೇತುವೆ ದಾಟುವ ತನಕ ಏನೂ ಮಾತಾಡಲಿಲ್ಲ. ಆಮೇಲೆ, “ಏನಪ್ಪಾ, ನಿನ್ನ ಸೀಟು ಗಾಡಿ ಬಲಕ್ಕೆ ತಿರುಗಿದಾಗ ಮಾತ್ರ ಕೂಗತ್ತೆ. ಎಡಕ್ಕೆ ತಿರುಗಿದಾಗ ಇಲ್ಲ. ಗಮನಿಸಿದ್ಯಾ?” ಅಂದರು.

ನಾನು ಗಮನಿಸಿರಲಿಲ್ಲ. ಎರಡು ತಿಂಗಳು ಅದರ ಮೇಲೇ ಕೂತಿದ್ದೆ. ಅವರು ಹದಿನೈದು ನಿಮಿಷ ಹಿಂದೆ ಕೂತು ಕಂಡುಹಿಡಿದಿದ್ದರು.

“ಎಣ್ಣೆ ಬಿಟ್ಟಿದ್ದೀನಮ್ಮಾ, ನಿಲ್ತಾ ಇಲ್ಲ” ಅಂದೆ.

“ನಾನು ಕಮಾನಿಗೆ ರಾಳ ಹಚ್ಚೋದೇ ಅದು ಕೂಗಲಿ ಅಂತ” ಎಂದು ನಕ್ಕರು. “ನಿನಗೆ ಕೂಗಬಾರದು ಅಂದ್ರೆ ಎಲ್ಲಿ ಯಾವುದು ಯಾವುದನ್ನ ತಿಕ್ತಾ ಇದೆ ಅಂತ ಮೊದಲು ನೋಡ್ಬೇಕು ತಾನೆ?”

ಆ ಮಾತು ಹಿಡಿದುಕೊಂಡು ಆಮೇಲೆ ಗ್ಯಾರೇಜುಗಳಲ್ಲಿ, ಗುಜರಿಯಲ್ಲಿ, ಬಲ್ಲವರ ಹತ್ತಿರ ಕೇಳಿ ತಿಳಿದದ್ದನ್ನು ನಿಮಗೆ ಹೇಳುತ್ತೇನೆ. ಮನೆಯಲ್ಲಿ ಬೀರು ತಳ್ಳಿದ್ದೀರಲ್ಲ? ಮೊದಲು ಜಪ್ಪಯ್ಯ ಅಂದರೂ ಅಲುಗುವುದಿಲ್ಲ. ಹೆಗಲು ಕೊಟ್ಟು ಜೋರಾಗಿ ನೂಕಿದರೆ ತಟ್ಟನೆ ಜಾರುತ್ತದೆ, ಮತ್ತೆ ನಿಲ್ಲುತ್ತದೆ. ನಿಂತದ್ದನ್ನು ಕದಲಿಸಲು ಬೇಕಾಗುವ ಬಲ ಜಾಸ್ತಿ, ಜಾರುತ್ತಿರುವುದನ್ನು ಜಾರಿಸಲು ಕಡಿಮೆ. ಒಂದಕ್ಕೊಂದು ಒತ್ತಿ ನಿಂತ ಎರಡು ಮೈಗಳು ಹೀಗೆ ಅಂಟುವುದು, ಜಾರುವುದು, ಅಂಟುವುದು, ಜಾರುವುದು ಒಂದು ಸೆಕೆಂಡಿನಲ್ಲಿ ನೂರಾರು ಸಲ ನಡೆದರೆ ಹುಟ್ಟುವುದೇ ‘ಕಿರ್ರ್’. ಬಾವಿಯ ರಾಟೆ ಕೂಗುವುದು, ತೊಟ್ಟಿಲ ಕೊಂಡಿ ಕೂಗುವುದು, ಗಾಣ ಕೂಗುವುದು ಎಲ್ಲ ಇದರಿಂದಲೇ. ತಿರುಮಕೂಡಲಿನ ಚೌಡಯ್ಯನವರ ಏಳು ತಂತಿಯ ಪಿಟೀಲೂ ಕೂಗಿದ್ದು ಇದರಿಂದಲೇ. ಅಲ್ಲಿ ಕಮಾನು ತಂತಿಯನ್ನು ಹಿಡಿದು ಬಿಡುತ್ತದೆ, ಇಲ್ಲಿ ಕಬ್ಬಿಣ ಕಬ್ಬಿಣವನ್ನು. ಅವರದು ಕೈಚಳಕ, ನಮ್ಮದು ಸಡಿಲ.

ಸದ್ದಿನಲ್ಲಿ ಎರಡು ಜಾತಿ ಅಂತ ಮೊದಲು ಬೇರೆ ಮಾಡಿಕೊಳ್ಳಿ. ಕಿರ್, ಕೀಚ್ ಅಂದರೆ ಏನೋ ಉಜ್ಜುತ್ತಿದೆ. ಕಟಕಟ, ಲೊಟಲೊಟ ಅಂದರೆ ಏನೋ ಬಡಿಯುತ್ತಿದೆ. ಕಾರು ತಯಾರಿಸುವವರ ಬಳಿ ಇದಕ್ಕೇ ಪ್ರತ್ಯೇಕ ಎಂಜಿನಿಯರುಗಳಿದ್ದಾರೆ, ಬಜ್, ಸ್ಕ್ವೀಕ್, ರ‍್ಯಾಟಲ್ ಎಂದು ಸದ್ದುಗಳನ್ನು ಮೂರು ಭಾಗ ಮಾಡುತ್ತಾರೆ. ನಮಗೆ ಎರಡು ಸಾಕು. ಬಡಿಯುವುದಕ್ಕೆ ಎಣ್ಣೆ ಮದ್ದಲ್ಲ, ಬಿಗಿ ಮದ್ದು. ಉಜ್ಜುವುದಕ್ಕೂ ಎಣ್ಣೆ ಮೊದಲ ಮದ್ದಲ್ಲ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಆವತ್ತು ಟೀಚರಮ್ಮನನ್ನು ಇಳಿಸಿ ಪಾರ್ಕಿಂಗಿಗೆ ಬಂದವನೇ ಪರಿಚಯದ ಹುಡುಗನೊಬ್ಬನನ್ನು ಎಬ್ಬಿಸಿದೆ. “ತಮ್ಮಾ, ಒಂದು ರೌಂಡ್ ನೀನು ಓಡಿಸು, ನಾನು ಹಿಂದೆ ಕೂರ್ತೀನಿ” ಅಂದೆ. “ಯಾಕಣ್ಣಾ, ಹುಷಾರಿಲ್ವಾ?” ಅಂದ. ನಿಮಗೂ ಹೇಳುವುದು ಇದನ್ನೇ: ನಿಮ್ಮ ಸೀಟಿನ ಸದ್ದನ್ನು ನೀವು ಹುಡುಕಲಾರಿರಿ. ಕೂತವನ ಕಿವಿಗೆ ಅದು ಎಲ್ಲ ಕಡೆಯಿಂದಲೂ ಬಂದಂತೆ ಇರುತ್ತದೆ. ಕೀ ಇನ್ನೊಬ್ಬರ ಕೈಗೆ ಕೊಟ್ಟು ಹಿಂದೆ ಕೂತು, ಅಂಗೈಯನ್ನು ಸೀಟಿನ ಬೆನ್ನಿಗೆ, ಪಕ್ಕದ ಪ್ಲಾಸ್ಟಿಕ್ಕಿಗೆ, ಹೆಡ್‌ರೆಸ್ಟಿನ ಕಂಬಿಗೆ ಒಂದೊಂದಾಗಿ ಇಟ್ಟು ನೋಡಿ. ಕಿವಿ ಮೋಸ ಮಾಡಿದರೂ ಕೈಗೆ ನಡುಕ ಗೊತ್ತಾಗುತ್ತದೆ. ಒಂದು ಗಜ ನೀರಿನ ಪೈಪು ಇದ್ದರೆ ಒಂದು ತುದಿ ಕಿವಿಗಿಟ್ಟು ಇನ್ನೊಂದನ್ನು ಸೀಟಿನ ಬುಡದಲ್ಲಿ ಆಡಿಸಿ, ಡಾಕ್ಟರ ಸ್ಟೆತಾಸ್ಕೋಪಿನ ಕೆಲಸ ಮಾಡುತ್ತದೆ.

ಅದಕ್ಕೂ ಮೊದಲು ಸೀಟಿನ ಕೆಳಗಿರುವುದನ್ನೆಲ್ಲ ಹೊರಗೆ ತೆಗೆಯಿರಿ. ಜಾಕಿನ ಹ್ಯಾಂಡಲು, ನೀರಿನ ಬಾಟಲಿ, ಕೊಡೆ, ಹಳೇ ಟೋಲ್ ಚೀಟಿಯ ಕಂತೆ, ಗಿರಾಕಿಗಳ ಮಕ್ಕಳು ಬೀಳಿಸಿದ ಬಿಸ್ಕತ್ತು. ನನ್ನ ಗಾಡಿಯಲ್ಲಿ ಸೀಟು ಹಿಂದೆ ಮುಂದೆ ಸರಿಯುವ ರೈಲಿನ ಸಂದಿಯಲ್ಲಿ ಐದು ರೂಪಾಯಿಯ ನಾಣ್ಯ ಸಿಕ್ಕಿತು. ಹಿಂದಿನ ಸೀಟಿನಲ್ಲಿ ಯಾರೂ ಹಾಕಿಕೊಳ್ಳದ ಬೆಲ್ಟಿನ ಬಕಲು ಪ್ಲಾಸ್ಟಿಕ್ಕಿಗೆ ಬಡಿಯುತ್ತಿದ್ದರೆ ಅದನ್ನು ಸಿಕ್ಕಿಸಿಡಿ. ನಾವೆಲ್ಲ ಬೆನ್ನಿಗೆ ತಂಪು ಅಂತ ಹಾಕಿಕೊಳ್ಳುತ್ತೇವಲ್ಲ ಮರದ ಮಣಿಯ ಹಾಸು, ಅದನ್ನು ತೆಗೆದು ಒಮ್ಮೆ ಓಡಿಸಿ. ನೈಲಾನ್ ದಾರದಲ್ಲಿ ಮಣಿ ಮಣಿಗೆ ಉಜ್ಜಿದರೂ ಥೇಟ್ ಸ್ಪ್ರಿಂಗಿನ ಹಾಗೆಯೇ ಕೂಗುತ್ತದೆ. ಇಷ್ಟಕ್ಕೇ ಸದ್ದು ನಿಂತರೆ ನೀವು ಪುಣ್ಯವಂತರು, ಪತ್ರ ಇಲ್ಲಿಗೇ ಮಡಚಿಡಬಹುದು.

ನಿಲ್ಲದಿದ್ದರೆ ಎಂಜಿನ್ ಆಫ್ ಮಾಡಿ, ಗಾಡಿ ನಿಂತಲ್ಲೇ ಸೀಟಿನಲ್ಲಿ ಕೂತು ಮೈ ಅಲುಗಿಸಿ. ಮೇಲೆ ಕೆಳಗೆ ಕುಪ್ಪಳಿಸಿದಾಗ ಕೂಗಿದರೆ ತಪ್ಪು ಕೂರುವ ಭಾಗದ ಒಳಗಿದೆ. ಫೋಮಿನ ಕೆಳಗೆ ಹಾವಿನಂತೆ ಅಂಕುಡೊಂಕಾಗಿ ಬಗ್ಗಿಸಿದ ಸ್ಪ್ರಿಂಗುಗಳಿರುತ್ತವೆ, ಅವುಗಳ ತುದಿ ಚೌಕಟ್ಟಿಗೆ ಸಿಕ್ಕಿಕೊಳ್ಳುವ ಕಡೆ ಇರುವ ಪ್ಲಾಸ್ಟಿಕ್ ತೋಳು ಸವೆದರೆ ಕಬ್ಬಿಣಕ್ಕೆ ಕಬ್ಬಿಣ ತಾಗುತ್ತದೆ. ಹಿಂದೆ ಮುಂದೆ ತೂಗಿದಾಗ ಕೂಗಿದರೆ ಕೆಳಗಿನ ರೈಲು, ಇಲ್ಲವೇ ಬೆನ್ನು ಮಡಚುವ ಕೀಲು. ಸೀಟನ್ನು ಒಂದು ಹಲ್ಲು ಹಿಂದೆ ಸರಿಸಿ ನೋಡಿ, ಸದ್ದು ಬದಲಾದರೆ ರೈಲು. ಬೆನ್ನನ್ನು ಒಂದು ಹಲ್ಲು ವಾಲಿಸಿ ನೋಡಿ, ಬದಲಾದರೆ ಕೀಲು. ಎಡಕ್ಕೂ ಬಲಕ್ಕೂ ವಾಲಿದಾಗ ಕೂಗಿದರೆ ಪಕ್ಕದ ಪ್ಲಾಸ್ಟಿಕ್ಕೋ, ಹ್ಯಾಂಡ್‌ಬ್ರೇಕಿನ ಪೆಟ್ಟಿಗೆಗೆ ರೆಗ್ಜಿನ್ ತಿಕ್ಕುವುದೋ ಇರಬಹುದು. ಅಥವಾ ಬೋಲ್ಟು. ನಿಂತಾಗ ಸುಮ್ಮನಿದ್ದು, ಹಂಪಿನ ಮೇಲೆ ಒಂದೇ ಚಕ್ರ ಹತ್ತಿದಾಗ ಮಾತ್ರ ಕೂಗಿದರೂ ಬೋಲ್ಟನ್ನೇ ಮೊದಲು ಅನುಮಾನಿಸಿ. ಆಗ ಗಾಡಿಯ ಮೈಯೇ ಸ್ವಲ್ಪ ತಿರುಚಿಕೊಳ್ಳುತ್ತದೆ, ಶಿರಾಡಿ, ಚಾರ್ಮಾಡಿ ಘಾಟಿಯ ತಿರುವುಗಳಲ್ಲಿ ಆಗುವ ಹಾಗೆ. ಗಟ್ಟಿ ಇರಬೇಕಾದ ಕಡೆ ಸಡಿಲ ಇದ್ದರೆ ಆ ಗಳಿಗೆಯಲ್ಲಿ ಅದು ಬಾಯಿಬಿಡುತ್ತದೆ.

ನನ್ನದು ಬಾಯಿಬಿಟ್ಟಿತು. ಹಿಂದೆ ಕೂತು ಬಗ್ಗಿ, ನನ್ನ ಸೀಟಿನ ಎಡಗಡೆ ಹಿಂದಿನ ಕಾಲಿಗೆ ಬೆರಳಿಟ್ಟಾಗ ಕೈಗೆ ನಡುಕ ಸಿಕ್ಕಿತು. ಸಾಮಾನ್ಯವಾಗಿ ಮುಂದಿನ ಒಂದೊಂದು ಸೀಟಿಗೂ ನಾಲ್ಕು ಬೋಲ್ಟು. ಸೀಟು ಪೂರ್ತಿ ಹಿಂದೆ ತಳ್ಳಿದರೆ ಮುಂದಿನ ಎರಡು ಕಾಣುತ್ತವೆ, ಮುಂದೆ ತಳ್ಳಿದರೆ ಹಿಂದಿನ ಎರಡು. ಹಲವು ಗಾಡಿಗೆ 14 ನಂಬರ್ ಪಾನಾ, ಕೆಲವಕ್ಕೆ ನಕ್ಷತ್ರದ ಮೂತಿಯ ಟಾರ್ಕ್ಸ್ ಬೇಕು. ಸೀಟು ಮುಂದೆ ತಳ್ಳಿದೆ. ಬಲಗಡೆಯದು ಪಾನಾಕ್ಕೆ ಜಗ್ಗಲಿಲ್ಲ. ಎಡಗಡೆಯದಕ್ಕೆ ಪಾನಾ ಬೇಕೇ ಆಗಲಿಲ್ಲ. ಬೆರಳಿನಲ್ಲೇ ತಿರುಗಿತು. ಎರಡು ಸುತ್ತು ತಿರುವಿದರೆ ಕೈಗೇ ಬಂತು.

ಕವರ್ ಹಾಕಿದ ಹುಡುಗರು ಅದನ್ನು ಕೈಯಲ್ಲಿ ಕೂರಿಸಿ, ಆಮೇಲೆ ಬಿಗಿ ಮಾಡಿದರಾಯಿತು ಅಂದುಕೊಂಡು ಮರೆತಿದ್ದರು. ಹಬ್ಬದ ಹಿಂದಿನ ದಿನ, ಅಂಗಡಿಯ ಮುಂದೆ ಸಾಲುಗಾಡಿ. ಮರೆವು ಯಾರಿಗೂ ಬರುತ್ತದೆ. ಆದರೆ ಅದು ನನಗೆ ಎರಡು ತಿಂಗಳು ದಿನಾ ಹೇಳುತ್ತಿತ್ತಲ್ಲ! ಹೇಳಿದಾಗೆಲ್ಲ ನಾನು ಬಾಯಿಗೆ ಎಣ್ಣೆ ಹುಯ್ದೆ.

ಒಂದು ಬೋಲ್ಟು ಹೋದರೆ ಏನಾಗುತ್ತದೆ, ಮೂರಿದೆಯಲ್ಲ ಅಂತ ಆ ತಮ್ಮ ಕೇಳಿದ. ಲೆಕ್ಕ ಹಾಕೋಣ. 50 ಕಿಲೋಮೀಟರ್ ವೇಗ ಅಂದರೆ ಸೆಕೆಂಡಿಗೆ ಸುಮಾರು 14 ಮೀಟರ್. ಎದುರಿಗೆ ಗುದ್ದಿ, ಮೈ ಒಂದು ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ನಿಂತಿತು ಅಂದುಕೊಳ್ಳಿ. 70 ಕಿಲೋ ತೂಕದವನನ್ನು ಹಿಡಿದು ನಿಲ್ಲಿಸಲು ಒಂದು ಟನ್ನಿನ ಹತ್ತಿರದ ಎಳೆತ ಬೇಕು. ಆ ಎಳೆತ ಬೀಳುವುದು ಬೆಲ್ಟಿನ ಮೇಲೆ. ಬಹಳಷ್ಟು ಗಾಡಿಗಳಲ್ಲಿ ಬೆಲ್ಟಿನ ಬಕಲು ಕೂತಿರುವುದು ಸೀಟಿನ ಒಳಮಗ್ಗುಲಿಗೆ, ಅಂದರೆ ನಮ್ಮ ಎಡಗಡೆಗೆ. ಬಕಲು ಸೀಟನ್ನು ಎಳೆಯುತ್ತದೆ, ಸೀಟು ರೈಲನ್ನು, ರೈಲು ಬೋಲ್ಟನ್ನು. ನನ್ನ ಗಾಡಿಯಲ್ಲಿ ಆ ಸರಪಳಿಯ ಕೊನೆಯ ಕೊಂಡಿ ಬೆರಳಿನಲ್ಲಿ ತಿರುಗುತ್ತಿತ್ತು.

2019ರ ಜುಲೈ 1ರ ನಂತರ ತಯಾರಾದ ಕಾರುಗಳಲ್ಲಿ ಬೆಲ್ಟ್ ಹಾಕದಿದ್ದರೆ ಬೀಪ್ ಬರಲೇಬೇಕು, 80 ದಾಟಿದರೂ ಬೀಪ್ ಬರಲೇಬೇಕು ಎಂದು ನಿಯಮ ಇದೆ. ಆ ಬೀಪನ್ನು ನಾವೆಷ್ಟು ಬೈದುಕೊಂಡಿದ್ದೇವೆ! ಆದರೆ ಸಡಿಲವಾದ ಬೋಲ್ಟಿಗೆ ಯಾವ ಕಂಪನಿಯವರೂ ಬೀಪ್ ಇಟ್ಟಿಲ್ಲ. ಇರುವುದು ಆ ಕಿರ್ರ್ ಒಂದೇ. ಅದನ್ನೂ ಎಣ್ಣೆ ಬಿಟ್ಟು ಸುಮ್ಮನಾಗಿಸಿದರೆ ಇನ್ನು ಹೇಳುವವರು ಯಾರು? ಎಣ್ಣೆ ಮೊದಲ ಮದ್ದಲ್ಲ ಅಂದದ್ದು ಇದಕ್ಕೆ. ಮೊದಲು ಹುಡುಕು, ಆಮೇಲೆ ಬಿಗಿ, ಆಮೇಲೆ ಶುಚಿ, ಕಡೆಗೆ ಗ್ರೀಸು.

ಬಿಗಿ ಮಾಡುವಾಗಲೂ ಒಂದು ಕ್ರಮ ಇದೆ. ಮೊದಲು ನಾಲ್ಕನ್ನೂ ಕೈಯಲ್ಲಿ ಕೂರಿಸಿ, ಆಮೇಲೆ ಮೂಲೆಯಿಂದ ಎದುರು ಮೂಲೆಗೆ ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ, ಚಕ್ರದ ನಟ್ಟಿಗೆ ಮಾಡುವ ಹಾಗೆಯೇ. ಪೈಪು ಸಿಕ್ಕಿಸಿ ಜಗ್ಗಿ ಎಳೆದು ಮರೆ ಕೆಡಿಸಬೇಡಿ. ಗಾಡಿಗೊಂದು ಅಳತೆ ಇರುತ್ತದೆ, ಟಾರ್ಕ್ ಪಾನಾ ಇರುವ ಗ್ಯಾರೇಜಿನಲ್ಲಿ ಒಮ್ಮೆ ನೋಡಿಸಿಕೊಳ್ಳಿ. ಚೌಕಟ್ಟಿನಲ್ಲೇ ಬಿರುಕು ಕಂಡರೆ ರಸ್ತೆ ಬದಿಯಲ್ಲಿ ವೆಲ್ಡಿಂಗ್ ಹೊಡೆಸಲು ಹೋಗಬೇಡಿ. ಪಕ್ಕದಲ್ಲೇ ಫೋಮಿದೆ, ವೈರಿದೆ, ಕಿಡಿ ಬಿದ್ದರೆ ಹೊತ್ತಿಕೊಳ್ಳುತ್ತದೆ. ಚೌಕಟ್ಟನ್ನೇ ಬದಲಿಸಬೇಕು.

ಸೀಟು ಬಿಚ್ಚಿ ಹೊರಗೆ ತೆಗೆಯಬೇಕಾದರೆ ಇನ್ನೂ ಎಚ್ಚರ ಬೇಕು. ಸೀಟಿನ ಬೆನ್ನಿನ ಹೊರಮಗ್ಗುಲಲ್ಲಿ ‘ಏರ್‌ಬ್ಯಾಗ್’ ಎಂದು ಬರೆದ ಪುಟ್ಟ ಪಟ್ಟಿ ಇದೆಯೇ ನೋಡಿ. ಇದ್ದರೆ ಒಳಗೆ ಸಿಡಿಯುವ ಮದ್ದಿದೆ. ಕೆಳಗೆ ಹಳದಿ ಬಣ್ಣದ ಕನೆಕ್ಟರ್ ಕಾಣುತ್ತದೆ, ಅದನ್ನು ಸುಮ್ಮನೆ ಎಳೆಯಬಾರದು. ಕೀ ತೆಗೆದು, ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಗಾಡಿಯ ಮ್ಯಾನ್ಯುಯಲ್ಲಿನಲ್ಲಿ ಹೇಳಿದಷ್ಟು ನಿಮಿಷ ಕಾದು ಆಮೇಲೆ ಮುಟ್ಟಬೇಕು. ಅಂಥ ಸೀಟಿಗೆ ಪೂರ್ತಿ ಮುಚ್ಚುವ ಕವರನ್ನೂ ಹಾಕಬಾರದು. ಏರ್‌ಬ್ಯಾಗ್ ಆ ಮಗ್ಗುಲ ಹೊಲಿಗೆ ಹರಿದುಕೊಂಡೇ ಹೊರಬರಬೇಕು, ದಪ್ಪ ರೆಗ್ಜಿನ್ ಅಡ್ಡ ಬಂದರೆ ದಾರಿ ಸಿಗುವುದಿಲ್ಲ. ಇದರಲ್ಲಿ ಅನುಮಾನ ಇದ್ದರೆ ಸೀಟು ಬಿಚ್ಚುವ ಕೆಲಸವನ್ನು ಬಲ್ಲವರಿಗೇ ಬಿಡಿ. ಬೋಲ್ಟು ಬಿಗಿಯಿದೆಯೇ ಎಂದು ನೋಡಲು ಮಾತ್ರ ಯಾರ ಅಪ್ಪಣೆಯೂ ಬೇಡ.

ಬೋಲ್ಟು ಬಿಗಿಯಾದ ಮೇಲೆ ನನ್ನ ಸದ್ದು ಮುಕ್ಕಾಲು ಹೋಯಿತು. ಕಾಲು ಭಾಗ ಉಳಿಯಿತು. ಅದು ರೈಲಿನದು, ಮತ್ತು ಅದಕ್ಕೆ ಕಾರಣ ನನ್ನದೇ ಔಷಧಿ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಯ ಕೆಳಗೆ ಗಟ್ಟಿಯಾಗುತ್ತದೆ. ಡಿಸೆಂಬರಿನ ಬೆಳಗ್ಗೆ ಬಚ್ಚಲುಮನೆಯ ಬಾಟಲಿಯಲ್ಲಿ ಬೆಣ್ಣೆಯಂತೆ ಕೂತಿರುವುದೇ ಸೀಟಿನ ರೈಲಿನಲ್ಲೂ ಕೂತಿತ್ತು. ದೂಳು, ಮರಳು, ಬಿಸ್ಕತ್ತಿನ ಪುಡಿ ಎಲ್ಲವನ್ನೂ ಹಿಡಿದುಕೊಂಡು ಕರಿ ಮೇಣವಾಗಿತ್ತು, ಜೊತೆಗೆ ಇರುವೆಯ ಸಾಲು. ಸ್ಪ್ರೇ ಡಬ್ಬಿಯದೂ ಅಂಥದೇ ಕಥೆ. ಅದರಲ್ಲಿದ್ದ ಡಬ್ಲ್ಯೂಡಿ-40 ಹುಟ್ಟಿದ್ದು 1953ರಲ್ಲಿ, ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ. ಅಟ್ಲಾಸ್ ಕ್ಷಿಪಣಿಯ ಹೊರಮೈಗೆ ತುಕ್ಕು ಹಿಡಿಯದಂತೆ ನೀರನ್ನು ಹೊರಹಾಕುವ ದ್ರವ ಬೇಕಿತ್ತು, 40ನೇ ಪ್ರಯತ್ನಕ್ಕೆ ಅದು ಕೈಗೂಡಿತು, ಹೆಸರೂ ಅದೇ ಆಯಿತು. ತುಕ್ಕು ಹಿಡಿದ ಬೋಲ್ಟು ಬಿಚ್ಚಲು, ಹಳೇ ಜಿಡ್ಡು ಸಡಿಲಿಸಲು ಒಳ್ಳೆಯದು. ಆದರೆ ಅಂಥ ತೆಳು ಎಣ್ಣೆ ಭಾರ ಹೊತ್ತ ರೈಲಿನಲ್ಲಿ ಬಹಳ ದಿನ ನಿಲ್ಲುವುದಿಲ್ಲ. ಅದು ಎಣ್ಣೆಯ ತಪ್ಪಲ್ಲ. ಕುಂಕುಮದ ಡಬ್ಬಿಯಿಂದ ಉಪ್ಪಿನ ಕೆಲಸ ಮಾಡಿಸಹೊರಟ ನನ್ನ ತಪ್ಪು.

ಇದು ನಮ್ಮ ಅಜ್ಜಂದಿರಿಗೆ ಗೊತ್ತಿತ್ತು. ಎತ್ತಿನಗಾಡಿಯ ಅಚ್ಚಿಗೆ ಅವರು ತೆಳು ಎಣ್ಣೆ ಬಿಡುತ್ತಿರಲಿಲ್ಲ. ಹರಳೆಣ್ಣೆಗೆ ಸುಟ್ಟ ಹುಲ್ಲಿನ ಕರಿ ಕಲಸಿ ಮಂದ ಮಾಡಿದ ಕೀಲೆಣ್ಣೆ ಹಾಕುತ್ತಿದ್ದರು. ಗಾಡಿಯ ಮೂಕಿಗೆ ನೇತುಹಾಕಿದ ಬಿದಿರಿನ ಗೊಟ್ಟದಲ್ಲಿ ಅದು ಸದಾ ಇರುತ್ತಿತ್ತು. ಭಾರ ಎಷ್ಟೋ ಎಣ್ಣೆ ಅಷ್ಟು ಮಂದ. ಹರಳೆಣ್ಣೆಯ ಮಹಿಮೆ ವಿಲಾಯತಿಗೂ ಗೊತ್ತಿತ್ತು: 1909ರಲ್ಲಿ ಹುಟ್ಟಿದ ಕ್ಯಾಸ್ಟ್ರಾಲ್ ಎಂಬ ಹೆಸರು ಬಂದದ್ದೇ ಹರಳೆಣ್ಣೆಯ ಇಂಗ್ಲಿಷ್ ಹೆಸರಿನಿಂದ. ಇವತ್ತು ಸೀಟಿನ ರೈಲಿಗೆ ಕೀಲೆಣ್ಣೆಯ ಜಾಗದಲ್ಲಿ ಬಿಳಿ ಲೀಥಿಯಂ ಗ್ರೀಸು. ಜೆ.ಸಿ. ರಸ್ತೆಯಲ್ಲಿ ಯಾವ ಬಿಡಿಭಾಗದ ಅಂಗಡಿಯಲ್ಲಿ ಕೇಳಿದರೂ ಕೊಡುತ್ತಾರೆ. ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ರೈಲಿನ ಕೊಳೆ ಪೂರ್ತಿ ಕೆರೆದು, ಒಣ ಬಟ್ಟೆಯಲ್ಲಿ ಒರೆಸಿ, ಗ್ರೀಸನ್ನು ತೆಳ್ಳಗೆ, ದೋಸೆ ಕಾವಲಿಗೆ ಎಣ್ಣೆ ಸವರಿದಷ್ಟು ಸವರಿ. ಸೀಟನ್ನು ಈ ತುದಿಯಿಂದ ಆ ತುದಿಗೆ ಹತ್ತು ಸಲ ಓಡಾಡಿಸಿ, ಹೊರಗೆ ಬಂದದ್ದನ್ನು ಒರೆಸಿಬಿಡಿ. ಡೀಸೆಲ್ಲಿನಲ್ಲಿ ತೊಳೆಯಲು ಹೋಗಬೇಡಿ, ವಾಸನೆಗೆ ಗಿರಾಕಿ ಮೂಗು ಮುಚ್ಚಿಕೊಳ್ಳುತ್ತಾರೆ.

ಪ್ಲಾಸ್ಟಿಕ್ಕು, ರೆಗ್ಜಿನ್, ರಬ್ಬರು ಉಜ್ಜುವ ಕಡೆ ಗ್ರೀಸು ಬೇಡ, ಸಿಲಿಕೋನ್ ಸಾಕು. ಅದನ್ನೂ ನೇರವಾಗಿ ಹೊಡೆಯದೆ ಬಟ್ಟೆಗೆ ಹೊಡೆದುಕೊಂಡು ಸವರಿ. ಗಾಳಿಯಲ್ಲಿ ಹಾರಿ ಬ್ರೇಕ್ ಪೆಡಲಿನ ಮೇಲೆ ಕೂತರೆ ಕಾಲು ಜಾರುತ್ತದೆ. ಬೆಲ್ಟಿನ ಪಟ್ಟಿಗೂ ಬಕಲಿನ ಬಾಯಿಗೂ ಯಾವ ಎಣ್ಣೆಯನ್ನೂ ತಾಗಿಸಬೇಡಿ. ಸ್ಪ್ರಿಂಗಿನ ತುದಿಯ ತೋಳು ಸವೆದಿದ್ದರೆ ವೈರಿಂಗಿನವರು ಬಳಸುವ ಬಟ್ಟೆಯ ಟೇಪು ಸುತ್ತಿ, ಟೇಪು ಸಿಗದಿದ್ದರೆ ಹಳೇ ಸೈಕಲ್ ಟ್ಯೂಬಿನ ತುಂಡೂ ಕೆಲವು ದಿನಕ್ಕೆ ಆದೀತು. ಹಿಂದಿನ ಸೀಟು ಮಡಚುವ ಗಾಡಿಯಾದರೆ ಸೀಟಿನ ಬೆನ್ನು ಸಿಕ್ಕಿಕೊಳ್ಳುವ ಕಬ್ಬಿಣದ ಬಳೆಗೆ ಅದೇ ಟೇಪು ಒಂದು ಸುತ್ತು. ಹೊಸ ಕವರ್ ಹಾಕಿಸಿದವರು ಇನ್ನೊಂದು ನೋಡಿ: ಕವರನ್ನು ಕೆಳಗೆ ಎಳೆದು ಕಟ್ಟುವ ಕಬ್ಬಿಣದ ಕೊಕ್ಕೆಗಳು ನೇರವಾಗಿ ಸ್ಪ್ರಿಂಗಿಗೇ ಸಿಕ್ಕಿಸಿದ್ದರೆ ಅವೂ ಹಾಡುತ್ತವೆ. ಚೌಕಟ್ಟಿಗೆ ಬದಲಿಸಿ ಕಟ್ಟಿ.

ಈಗ ಎಲೆಕ್ಟ್ರಿಕ್ ಗಾಡಿ ತೆಗೆದುಕೊಂಡವರಿಗೆ ಒಂದು ಮಾತು. “ಹೊಸ ಗಾಡಿ, ಆದ್ರೂ ಏನೇನೋ ಸದ್ದು” ಅಂತ ನೀವು ಹೇಳುವುದನ್ನು ಕೇಳಿದ್ದೇನೆ. ಡೀಸೆಲ್ ಗಾಡಿಯಲ್ಲೂ ಆ ಸದ್ದು ಇರುತ್ತಿತ್ತು, ಎಂಜಿನ್ನಿನ ಗದ್ದಲ ಅದನ್ನು ಮುಚ್ಚುತ್ತಿತ್ತು. ಮೋಟಾರು ಸುಮ್ಮನಾದ ಮೇಲೆ ಸೀಟಿನ ಪಿಸುಮಾತೂ ಕೇಳುತ್ತದೆ. ರೋಲ್ಸ್ ರಾಯ್ಸ್ ಕಂಪನಿಯವರು 2020ರ ಘೋಸ್ಟ್ ಕಾರಿನಲ್ಲಿ ಸೀಟಿನ ಚೌಕಟ್ಟು ಗಾಡಿಯ ಮೈಗಿಂತ ಬೇರೆ ಶ್ರುತಿಯಲ್ಲಿ ನಡುಗುತ್ತಿದೆ ಎಂದು ಅದಕ್ಕೆಂದೇ ನಡುಕ ತಗ್ಗಿಸುವ ಸಾಧನ ಕೂರಿಸಿದರು. ಕೋಟಿಗಟ್ಟಲೆ ಬೆಲೆಯ ಗಾಡಿಯವರೇ ಸೀಟಿನ ಬುಡಕ್ಕೆ ಕಿವಿ ಕೊಟ್ಟಿದ್ದಾರೆ. ನಮಗೆ ಬೇಕಾಗಿರುವುದು ಒಂದು ಪಾನಾ, ಒಂದು ಬ್ರಷ್ಷು, ಅರ್ಧ ಗಂಟೆ.

ಕುಶನ್ ಅಂಗಡಿಯ ತಮ್ಮಂದಿರಿಗೆ: ಯಾರ ಮೇಲೂ ದೂರು ಹೇಳಲು ಇದನ್ನು ಬರೆದಿಲ್ಲ. ಸೀಟು ಕೂರಿಸಿದ ಮೇಲೆ ನಾಲ್ಕೂ ಬೋಲ್ಟಿನ ತಲೆಗೆ ಸುಣ್ಣದ್ದೋ ಬಣ್ಣದ್ದೋ ಒಂದು ಚುಕ್ಕೆ ಇಡಿ. ಬಿಗಿ ಮಾಡಿದ್ದಕ್ಕೆ ಮಾತ್ರ ಚುಕ್ಕೆ. ಚುಕ್ಕೆ ಇಲ್ಲದ್ದು ಕಣ್ಣಿಗೆ ಹೊಡೆಯುತ್ತದೆ. ಹಬ್ಬದ ನೂಕುನುಗ್ಗಲಿನಲ್ಲಿ ನಿಮ್ಮ ನೆನಪಿಗೂ ಅದೇ ಆಸರೆ.

ಹಿಂದಿನ ಸೀಟಿನಲ್ಲಿ ಕೂರುವವರೂ ಈ ಪತ್ರ ಓದುತ್ತಿದ್ದರೆ ನಿಮಗೊಂದು ಕೋರಿಕೆ. ಸ್ಟಾರ್ ಕಡಿಮೆ ಮಾಡಿ, ಬೇಡ ಅನ್ನುವುದಿಲ್ಲ. ಜೊತೆಗೆ ಇಳಿಯುವ ಮುಂಚೆ ಬಾಯಿಬಿಟ್ಟು ಹೇಳಿ: ಯಾವ ಕಡೆ, ಯಾವಾಗ. ನಮ್ಮ ಬೆನ್ನಿನ ಹಿಂದೆ ನಮಗೆ ಕಿವಿ ಇಲ್ಲ, ನಿಮಗಿದೆ. ಆ ಟೀಚರಮ್ಮ ಮೂರು ವಾಕ್ಯದಲ್ಲಿ ಮಾಡಿದ್ದನ್ನು ಎರಡು ಡಬ್ಬಿ ಎಣ್ಣೆ ಮಾಡಲಿಲ್ಲ.

ಬೋಲ್ಟು, ರೈಲು ಎರಡೂ ಸರಿಯಾದ ಮೇಲೂ ಒಂದು ಸಣ್ಣ ಕೀಚು ಉಳಿದಿತ್ತು. ಅದು ಮಣಿಯ ಹಾಸಿನದು. ಅದನ್ನು ತೆಗೆದಿಲ್ಲ, ಬೆನ್ನಿಗೆ ಬೇಕು. ಯಾವುದರ ಸದ್ದು ಅಂತ ಗೊತ್ತಿದ್ದ ಮೇಲೆ ಅದರ ಪಾಡಿಗೆ ಅದು ಕೂಗಲಿ.

ಬರುವ ಆಯುಧಪೂಜೆಗೆ ನಾವೆಲ್ಲ ಗಾಡಿ ತೊಳೆಯುತ್ತೇವೆ. ಸ್ಟೀರಿಂಗಿಗೆ ಕುಂಕುಮ, ಬಾನೆಟ್ಟಿಗೆ ಹಾರ, ಚಕ್ರಕ್ಕೆ ನಿಂಬೆಹಣ್ಣು. ಅವೆಲ್ಲ ಇರಲಿ. ಗಾಡಿಗೆ ಹೂವು ಮುಡಿಸುವ ಮೊದಲು ಸೀಟನ್ನು ಒಮ್ಮೆ ಪೂರ್ತಿ ಹಿಂದೆ ತಳ್ಳಿ, ಒಮ್ಮೆ ಪೂರ್ತಿ ಮುಂದೆ ತಳ್ಳಿ, ಮಂಡಿಯೂರಿ ಕೂತು ನಾಲ್ಕೂ ಬೋಲ್ಟನ್ನು ಬೆರಳಿನಲ್ಲಿ ತಿರುವಿ ನೋಡಿ. ತಿರುಗದಿದ್ದರೆ ಕಾಯಿ ಒಡೆಯಿರಿ. ತಿರುಗಿದರೆ ಪಾನಾ ತನ್ನಿ, ಕಾಯಿ ಆಮೇಲೆ ಒಡೆಯೋಣ.

ಇಂತಿ ನಿಮ್ಮವ,
ಹತ್ತೊಂಬತ್ತು ವರ್ಷದಿಂದ ಹಳದಿ ಬೋರ್ಡಿನ ಗಾಡಿ ಓಡಿಸುತ್ತಿರುವ ನಿಮ್ಮಲ್ಲೊಬ್ಬ
ಬೆಂಗಳೂರು